ಎರಡು ಎಡಗಾಲಿನ ಪ್ಯಾಂಟು, ಒಂದು ಗಿಟಾರು

ನಮ್ಮತ್ತೆ ಕಟ್ಟಿದ ಮುದ್ದೆಯ ಮೇಲೆ ನೀಲಿ ಬೆರಳಚ್ಚು ಮೂಡಿರುತ್ತಿತ್ತು. ಜೀನ್ಸ್ ಬಟ್ಟೆಯ ಬಣ್ಣ ಅದು. ಸೋಪು ಹಾಕಿದರೂ ಹೋಗದು, ಹುಣಸೆಹಣ್ಣು ಉಜ್ಜಿದರೂ ಹೋಗದು. ರಾಯದುರ್ಗದಲ್ಲಿ ಪ್ಯಾಂಟು ಹೊಲಿಯುವವರ ಮನೆಯಲ್ಲಿ ಇದು ದೊಡ್ಡ ಸಂಗತಿಯೇನಲ್ಲ. ನಾನು ಮೊದಲ ದಿನ ತಟ್ಟೆ ನೋಡಿ ಮುಖ ಸಿಂಡರಿಸಿದ್ದಕ್ಕೆ, "ತಿನ್ನೇ, ಒಳಗೋದ್ಮೇಲೆ ಎಲ್ಲಾ ಒಂದೇ ಬಣ್ಣ" ಅಂದಳು. ತಿನ್ನಲು ಕೈ ಹಾಕಿದೆ. ಹಾಕಿದ್ದು ಎಡಗೈ. ಬಟ್ಟೆ ಅಳೆಯುವ ಮರದ ಸ್ಕೇಲು ಅಲ್ಲಿಯವರೆಗೆ ಎಲ್ಲಿತ್ತೋ, ಬಂದು ನನ್ನ ಬೆರಳಿನ ಗೆಣ್ಣಿನ ಮೇಲೆ ಬಿತ್ತು.

ಅಂದು ಶುರುವಾದ ನಮ್ಮ ಜಗಳ ಅವಳು ಕಣ್ಣು ಮುಚ್ಚುವವರೆಗೂ ನಡೆಯಿತು.

ಅವಳು ನಮ್ಮಪ್ಪನ ಅಕ್ಕ. ಮಡಕಶಿರ ಸೀಮೆಯ ಅಮರಾಪುರದ ಹತ್ತಿರದ ನಮ್ಮೂರಿಂದ ರಾಯದುರ್ಗಕ್ಕೆ ಮದುವೆಯಾಗಿ ಹೋದವಳು. ಗಂಡ ಬೇಗ ತೀರಿಕೊಂಡ ಮೇಲೆ ಕತ್ತರಿ ಹಿಡಿದು, ಮನೆಯ ಪಡಸಾಲೆಯಲ್ಲಿ ನಾಲ್ಕಾರು ಮಿಷನ್ ಹಾಕಿಸಿ, ತಾನೇ ಕಟಿಂಗ್ ಮಾಸ್ಟರ್ ಆಗಿ ಕೂತಳು. ನಾನು ಹತ್ತನೇ ತರಗತಿ ಮುಗಿಸಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡಿದ್ದಾಗ ಊರಿಗೆ ಬಂದು, "ಇವಳನ್ನ ನನ್ ಜೊತೆ ಕಳ್ಸು, ಕೈಗೊಂದು ಕಸುಬು ಆಗ್ತದೆ" ಅಂದಳು. ಆಗ ನಮ್ಮ ಕಡೆಯ ಹುಡುಗಿಯರೆಲ್ಲ ಹೊಲಿಗೆ ಕೆಲಸಕ್ಕೆಂದು ಹಿಂದೂಪುರದ ಬಸ್ಸು, ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲ. ಅತ್ತೆಯ ಮನೆಯೇ ಇರುವಾಗ ಅಪ್ಪನಿಗೇನು ಚಿಂತೆ? ಮಗಳು ಎಡಚಿ ಅನ್ನುವುದನ್ನು ಹೇಳಬೇಕು ಅಂತ ಮಾತ್ರ ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಅತ್ತೆಯ ಬಾಯಲ್ಲಿ ಎರಡು ಸೀಮೆಯ ಕನ್ನಡ ಇತ್ತು. ವ್ಯಾಪಾರಕ್ಕೆ ಬಂದವರಿಗೆಲ್ಲ "ಬರ್ರಿ, ಕುಂದರ್ರಿ, ಚಾ ಕುಡೀರಿ" ಅನ್ನುವ ರಾಯದುರ್ಗದ ಮಾತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ತವರಿನ ಮಡಕಶಿರದ ಮಾತು. ನಾನು ಅವಳಿಂದ ಕೇಳಿದ್ದೆಲ್ಲ ತವರಿನ ಮಾತೇ.

ಅವಳದೊಂದು ಅಭ್ಯಾಸ. ಉಣ್ಣಲು ಕೂತರೆ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುವಳು. ನನಗೂ ಹಾಗೇ ಕೂರಲು ಹೇಳಿದಳು. ಕೈ ಜೋಮು ಹಿಡಿದು ಇರುವೆ ಹರಿದಂತಾದರೂ ತೆಗೆಯುವಂತಿಲ್ಲ. ಉಣ್ಣುವುದು, ನೀರು ಕುಡಿಯುವುದು, ದೀಪ ಹಚ್ಚುವುದು, ಕಸ ಗುಡಿಸುವುದು ಎಲ್ಲ ಬಲಗೈಯಲ್ಲೇ ಆಗಬೇಕು. "ಕಸಕ್ಕೇನತ್ತೆ ಗೊತ್ತಾಗುತ್ತೆ ಯಾವ ಕೈ ಅಂತ?" ಅಂದೆ ಒಂದು ದಿನ. ಉತ್ತರ ಸ್ಕೇಲೇ ಕೊಟ್ಟಿತು.

ಕೆಲಸ ಕಲಿಯುವಾಗ ನಾನೊಂದು ಘನಕಾರ್ಯ ಮಾಡಿದೆ. ಪ್ಯಾಂಟು ಕತ್ತರಿಸಲು ರಟ್ಟಿನ ಪ್ಯಾಟರ್ನ್ ಇರುತ್ತದೆ. ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಹಾಗಿಟ್ಟರೆ ಬಲಗಾಲು, ಮಗುಚಿಟ್ಟರೆ ಎಡಗಾಲು. ನಾನು ಮಗುಚಿದ್ದನ್ನೇ ಮತ್ತೆ ಮಗುಚದೆ ಇಟ್ಟು, ಎರಡೂ ಎಡಗಾಲೇ ಇರುವ ಪ್ಯಾಂಟು ತಯಾರಿಸಿದೆ. ಅತ್ತೆ ಅದನ್ನು ಎಸೆಯಲಿಲ್ಲ, ಬಿಚ್ಚಲೂ ಇಲ್ಲ. ಹಾಗೇ ಹೊಲಿಸಿ, ಗುಂಡಿ ಹಾಕಿಸಿ, ಇಸ್ತ್ರಿ ಮಾಡಿಸಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಬಂದವರೆಲ್ಲ "ಇದ್ಯಾಕ್ರಿ ಹಿಂಗೈತಿ?" ಅಂತ ಕೇಳಲೇಬೇಕು. "ನಮ್ಮ ತಮ್ಮನ ಮಗಳ ಕೈಗುಣ ನೋಡ್ರಿ" ಅಂತ ಇವಳು ಹೇಳಲೇಬೇಕು. ವರ್ಷಗಟ್ಟಲೆ ಆ ಪ್ಯಾಂಟು ಅಲ್ಲೇ ತೂಗಾಡುತ್ತಿತ್ತು.

ನಮ್ಮಲ್ಲಿ ಇಸ್ತ್ರಿ ಮಾಡಲು ಬರುತ್ತಿದ್ದ ಅಣ್ಣ ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ. ಗಣಪತಿ ಹಬ್ಬ, ಮದುವೆ, ಆರತಕ್ಷತೆ ಬಂದರೆ ಅವನು ಇಸ್ತ್ರಿ ಪೆಟ್ಟಿಗೆ ಬಿಟ್ಟು ಹೊಳೆಯುವ ಅಂಗಿ ಹಾಕಿಕೊಳ್ಳುತ್ತಿದ್ದ. ಅವನ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ನಾನು ಮೊದಲ ಸಲ ಕೇಳಿದ್ದು ಬಸ್ ಸ್ಟ್ಯಾಂಡಿನ ಗಣಪತಿಯ ಮುಂದೆ. ಒಂದು ತಂತಿ ಮೀಟಿದರೆ ಎದೆಯೊಳಗೆ ಬಂದು ಗುಂಯ್ ಅಂತು. ನನಗೆ ಅಂಥದ್ದೊಂದು ಬೇಕು ಅನ್ನಿಸಿತು. ಚಿನ್ನ ಬೇಡ, ಸೀರೆ ಬೇಡ, ಗಂಡನೂ ಬೇಡ, ಅದು ಬೇಕು.

ಅಣ್ಣ ಕಲಿಸಲು ಒಪ್ಪಿದ. ಅವನ ಬಳಿ ಹಳೆಯದೊಂದು ಮರದ ಗಿಟಾರಿತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಟ್ಟೆಯ ಥಾನುಗಳ ಮೇಲೆ ಕೂತು ಕಲಿಯುವುದು. ಕೊಟ್ಟ ತಕ್ಷಣ ನಾನು ಅದನ್ನು ತಿರುಗಿಸಿ ಎಡಗೈಯಲ್ಲಿ ಮೀಟಲು ಹಿಡಿದೆ. ಎದುರಿಗೆ ಅತ್ತೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು. ಸೂಜಿ ತೆಗೆಯದೆ, ಹಲ್ಲಿನ ಸಂದಿನಿಂದಲೇ, "ತಿರುಗ್ಸಿ ಹಿಡಿಯೇ! ಸರಸ್ವತೀನ ಎಡಗೈಲಿ ಮುಟ್ತೀಯ?" ಅಂದಳು.

ತಿರುಗಿಸಿ ಹಿಡಿದೆ. ಮೂರು ವರ್ಷ ಬಲಗೈಯಲ್ಲೇ ಕಲಿತೆ. ಕಲಿತೆ ಅನ್ನುವುದಕ್ಕಿಂತ ಒದ್ದಾಡಿದೆ ಅನ್ನಬೇಕು. ತಂತಿ ಒತ್ತುವ ಎಡಗೈ ಹೇಳಿದ್ದು ಕೇಳುತ್ತಿತ್ತು. ಮೀಟುವ ಬಲಗೈ ಮಾತ್ರ ಬಾಡಿಗೆಗೆ ತಂದ ಕೈಯಂತೆ, ಅದಕ್ಕೂ ನನಗೂ ಸಂಬಂಧವೇ ಇಲ್ಲ. ತಾಳ ಒಂದು ದಾರಿ, ಕೈ ಒಂದು ದಾರಿ. ಆರ್ಕೆಸ್ಟ್ರಾದಲ್ಲಿ ಎರಡನೇ ಗಿಟಾರಿಗೆ ಜಾಗ ಖಾಲಿಯಾದಾಗ ಅಣ್ಣ ನನ್ನ ಹೆಸರು ಹೇಳಿದ. ಆದರೆ ಹೇಳಿಬಂದವನು ಅತ್ತೆಯ ಎದುರಿಗೇ ಒಪ್ಪಿಕೊಂಡ: "ಅಕ್ಕ, ಸುಳ್ಳು ಯಾಕ ಹೇಳ್ಲಿ? ಹುಡುಗಿಗೆ ಕಿವಿ ಐತಿ, ಬೆರಳು ಐತಿ. ಬಲಗೈಯಾಗ ಮಾತ್ರ ಜೀವ ಇಲ್ರಿ. ಮ್ಯಾಲೆ, ಅಲ್ಲಿ ಸೇರ್ಬೇಕಂದ್ರ ಸ್ವಂತ ಗಿಟಾರ್ ಇರ್ಬೇಕ್ರಿ."

"ಸ್ವಂತದ್ದು! ಹೊಟ್ಟೆಗೆ ಹಾಕ್ತದೇನಪ್ಪ ಅದು?" ಅಂದು ಅತ್ತೆ ಕತ್ತರಿ ಆಡಿಸತೊಡಗಿದಳು. ನಾನು ಬೇಡಿದೆ, ಮುನಿಸಿಕೊಂಡೆ, ಎರಡು ಹೊತ್ತು ಉಣ್ಣದೆ ಕೂತೆ. ಅವಳು ನನ್ನ ಪಾಲಿನ ಮುದ್ದೆಯನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿ ಬಂದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಿಷನ್ ನಿಂತಾಗ ಹೊಲಿಯಲು ಬರುವ ನಮ್ಮ ಹೆಂಗಸರಿಗೆ ಹಾಡು ಬರುತ್ತದೆ. ತೆಲುಗಿನದೊಂದು, ಕನ್ನಡದ್ದೊಂದು, ಸೋಬಾನೆಯದೊಂದು. ನಾನು ಗುಂಡಿಯ ತಗಡು ಡಬ್ಬ ಮಗುಚಿ ತಾಳ ಹಾಕುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. ನಾನು ಬಾರಿಸುತ್ತಿದ್ದದ್ದು ಎಡಗೈಯಲ್ಲಿ. ಏಟು ಬೀಳುತ್ತದೆಂದು ಕೈ ಹಿಂದಕ್ಕೆಳೆದುಕೊಂಡೆ. ಅವಳು ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಸ್ಕೇಲು ಮುಟ್ಟದೆ ಒಳಗೆ ಹೋದಳು.

ಸ್ವಲ್ಪ ದಿನಕ್ಕೆ ಅಣ್ಣನ ಕೆಂಪು ಗಿಟಾರನ್ನು ಕಟಿಂಗ್ ಟೇಬಲ್ಲಿನ ಮೇಲೆ ಮಲಗಿಸಿ, ರಟ್ಟಿನ ಮೇಲೆ ಅದರ ಸುತ್ತ ಗೆರೆ ಎಳೆದು ಕತ್ತರಿಸಿಟ್ಟಳು. ಅವಳಿಗೆ ಲೋಕದಲ್ಲಿ ಯಾವುದೇ ವಸ್ತುವಿಗೂ ಪ್ಯಾಟರ್ನ್ ಬೇಕು. ಆ ರಟ್ಟನ್ನು ಪ್ಯಾಂಟಿನ ಲೋಡಿನ ಜೊತೆ ಬೆಂಗಳೂರಿಗೆ ಒಯ್ದು, ಅಂಗಡಿಯವನ ಮುಂದಿಟ್ಟು, "ಇದಕ್ಕೆ ಸರಿಯಾಗಿ ಕೂರೋದು ಕೊಡಪ್ಪ" ಅಂದಳಂತೆ. ವಾಪಸ್ ಬಂದಾಗ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಹುರಿಯಲ್ಲಿ ಬಿಗಿದ ಗಂಟು ಅವಳ ಬಗಲಲ್ಲಿತ್ತು.

ನಾನು ಕುಣಿದಾಡಿದೆ. ಗಂಟಿಗೆ ಕೈ ಹಾಕಿದೆ. "ಮುಟ್ಟಬ್ಯಾಡ" ಅಂದಳು. "ಮೊದಲ್ನೇ ಸದ್ದು ನೇಮಕಲ್ಲು ಆಂಜನೇಯನಿಗೆ. ಶನಿವಾರದವರ್ಗೂ ಬಿಚ್ಚಂಗಿಲ್ಲ."

ಅಂದು ಸೋಮವಾರ. ಐದು ದಿನ ಆ ಗಂಟು ಅಕ್ಕಿ ಡಬ್ಬದ ಮೇಲೆ ನನ್ನನ್ನು ಅಣಕಿಸುತ್ತ ಕೂತಿತ್ತು. ಹೊಸ ಮಿಷನ್ ಬಂದರೂ, ಹೊಸ ಕತ್ತರಿ ಬಂದರೂ ಅವಳದು ಇದೇ ಕಟ್ಟಳೆ. ಎಲೆಕ್ಟ್ರಿಕ್ ಗಿಟಾರಿಗೆ ಕರೆಂಟು ಬೇಕು, ಸ್ಪೀಕರ್ ಪೆಟ್ಟಿಗೆ ಬೇಕು, ಗುಡಿಯ ಅಂಗಳದಲ್ಲಿ ಅದು ಸೊಳ್ಳೆಯಂತೆ ಗುಂಯ್‌ಗುಟ್ಟುತ್ತದೆ ಅಷ್ಟೇ ಅಂತ ಅಣ್ಣನೂ ಹೇಳಿನೋಡಿದ. "ದೇವರಿಗೆ ಕಿವಿ ಚುರುಕದಾವ" ಅಂದಳು.

ಶನಿವಾರ ಮೂವರೂ ಬಸ್ಸಿನಲ್ಲಿ ನೇಮಕಲ್ಲಿಗೆ ಹೋದೆವು. ಮಂಗಳಾರತಿ ಆದ ಮೇಲೆ ಅಂಗಳದ ನೆರಳಿನಲ್ಲಿ ಅತ್ತೆ ಹುರಿ ಬಿಚ್ಚಿದಳು. ಕಪ್ಪು ಗಿಟಾರು, ಅಂಚಿಗೆ ಬಿಳಿ ಪಟ್ಟಿ. ಇನ್ನೂ ಹೊಸ ಬಣ್ಣದ ವಾಸನೆ. ನನ್ನ ಕಣ್ಣು ತುಂಬಿ ಬಂತು. ಎತ್ತಿ ತೊಡೆಯ ಮೇಲಿಟ್ಟುಕೊಂಡರೆ ಕೂರುತ್ತಿಲ್ಲ. ಸದ್ದು ಏರಿಸಿ ಇಳಿಸುವ ಗುಂಡಿಗಳೆಲ್ಲ ಮೇಲೆ ಬಂದು ಮೊಳಕೈಗೆ ಚುಚ್ಚುತ್ತಿವೆ. ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ.

ಅಣ್ಣ ಕೈಗೆ ತಗೊಂಡು ಹಿಂದೆ ಮುಂದೆ ನೋಡಿ ನಗು ತಡೆಯಲಾರದೆ, "ಅಕ್ಕ, ಇದು ಎಡಗೈ ಗಿಟಾರ್ರಿ. ಪ್ಯಾಟರ್ನ್ ಉಲ್ಟಾ ಇಟ್ಟು ತೋರಿಸೀರಿ. ಯಾರೂ ಒಯ್ಯದೆ ಬಿದ್ದಿದ್ದನ್ನ ನಿಮಗ ಕಟ್ಟ್ಯಾನ ಅಂಗಡಿಯವ" ಅಂದ.

ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು. ಮೂರು ವರ್ಷ ಏಟು ತಿಂದು, ಒಲ್ಲದ ಕೈಯನ್ನು ಒಗ್ಗಿಸಿಕೊಂಡು, ಇನ್ನೇನು ಆರ್ಕೆಸ್ಟ್ರಾದ ಬಾಗಿಲವರೆಗೆ ಬಂದಾಗ ಈ ಹೆಂಗಸು ಎಡಗೈ ಗಿಟಾರು ತಂದಿದ್ದಾಳೆ! "ನನ್ನ ಪ್ಯಾಂಟು ಮೊಳೆಗೆ ನೇತುಹಾಕಿದ್ಯಲ್ಲ, ಈಗ ಇದನ್ನೆಲ್ಲಿ ನೇತುಹಾಕ್ತೀಯ?" ಅಂತ ದೇವರೆದುರಿಗೇ ಕೂಗಾಡಿ ಅತ್ತುಬಿಟ್ಟೆ. ಬದಲಾಯಿಸಿಕೊಂಡು ಬಾ ಅಂದೆ.

"ವಾಪಸ್ ತಗಳಲ್ಲ ಅಂದವ್ನೆ. ಏನೋ ಉಲ್ಟಾ ಆಯ್ತು. ಏನೀಗ?" ಅಂದಳು. ಅವಳ ಮುಖದಲ್ಲಿ ನಾಚಿಕೆಯೂ ಇಲ್ಲ, ಬೇಸರವೂ ಇಲ್ಲ. "ತಂದಾಗಿದೆ. ದೇವರಿಗೆ ಸದ್ದು ಕೇಳ್ಸು."

ಅಣ್ಣ ಮೆಲ್ಲಗೆ, "ಒಂದ್ಸಲ ಅದು ಹೆಂಗೈತೋ ಹಂಗ ಹಿಡ್ದು ನೋಡವ್ವ" ಅಂದ. ಹಟಕ್ಕೆ ಹಿಡಿದೆ. ಬಲಗೈ ತಂತಿಯ ಮೇಲೆ ತಡವರಿಸಿತು, ಸ್ವರ ಅಪಸ್ವರ ಎಲ್ಲ ಬಂತು. ಆದರೆ ಎಡಗೈ ಕೆಳಗಿಳಿಯಿತು, ಮೇಲೇರಿತು, ಮತ್ತೆ ಇಳಿಯಿತು, ತಾನಾಗಿ. ಮೂರು ವರ್ಷ ಹುಡುಕಿದ್ದ ತಾಳ ನನ್ನ ತೊಡೆಯ ಕೆಳಗೇ ಜೋಮು ಹಿಡಿದು ಕೂತಿತ್ತು. ಸ್ಪೀಕರ್ ಇಲ್ಲ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಸಣ್ಣ ಸದ್ದು. ಅಣ್ಣ ನಗುವುದನ್ನು ನಿಲ್ಲಿಸಿದ.

ಕಾಯಿ ಒಡೆಸಿಕೊಂಡು ಬಂದ ಮುದುಕಿಯೊಬ್ಬಳು ನಿಂತು, "ಗುಡಿಯಾಗ ಎಡಗೈಲೆ ಬಾರಿಸ್ತಾಳಲ್ಲಬೇ ಹುಡುಗಿ" ಅಂದಳು. ಅತ್ತೆ ತಟ್ಟನೆ ತಿರುಗಿ, "ಕ್ಯಾಲೆಂಡರ್ನಾಗ ಹನುಮಪ್ಪ ಗದೆ ಎಡಗೈಯಾಗ ಹಿಡ್ದಿರ್ತಾನ. ಅವನ್ನ ಕೇಳ್ರಿ ಮೊದ್ಲು" ಅಂದು ಪ್ರದಕ್ಷಿಣೆಗೆ ಹೊರಟಳು. ಹೋಗುವಾಗ ನನ್ನ ಕಡೆ ತಿರುಗಿ, "ಉಣ್ಣೋಕೆ ಮಾತ್ರ ಆ ಕೈ ಹಾಕಿದ್ರೆ ಮುರೀತೀನಿ" ಅನ್ನುವುದನ್ನು ಮರೆಯಲಿಲ್ಲ.

ಆ ವರ್ಷದ ಗಣಪತಿ ಹಬ್ಬ ಕೈತಪ್ಪಿತು. ಬಲಗೈಗೆ ತಂತಿ ಒತ್ತುವುದನ್ನು ಮೊದಲಿನಿಂದ ಕಲಿಸಬೇಕಾಯಿತು. ಅತ್ತೆಯನ್ನು ದಿನಾ ಬೈದುಕೊಂಡೇ ಕಲಿತೆ. ಮರುವರ್ಷದ ಹಬ್ಬಕ್ಕೆ ವೇದಿಕೆ ಹತ್ತಿದೆ. ಅಂದಿನಿಂದ ಇವತ್ತಿನವರೆಗೂ ಅದೇ ಗಿಟಾರು ನನ್ನ ಅನ್ನ. ಅದರಲ್ಲೊಂದು ಗುಂಡಿ ತಿರುಗಿಸಿದರೆ ಈಗಲೂ ಕರಕರ ಅನ್ನುತ್ತದೆ. ಮೊದಲ ಆಯುಧಪೂಜೆಯಲ್ಲಿ ಮಿಷನ್ನುಗಳ ಸಾಲಿನಲ್ಲಿ ಅದನ್ನೂ ಇಟ್ಟು, ಅತ್ತೆ ಆ ಗುಂಡಿಯ ಸಂದಿಗೆ ಹಿಡಿ ಕುಂಕುಮ ಸುರಿದಿದ್ದಳು. ಎರಡು ಎಡಗಾಲಿನ ಪ್ಯಾಂಟಿನ ಪಕ್ಕದ ಮೊಳೆಯಲ್ಲಿ ಗಿಟಾರಿನ ಆ ರಟ್ಟು ನೇತುಹಾಕಿದ್ದವಳು ನಾನು. ಬಂದವರಿಗೆಲ್ಲ "ಇದು ನಮ್ಮತ್ತೆ ಕೈಗುಣ" ಅಂತ ತೋರಿಸುತ್ತಿದ್ದೆ. ಅವಳು ಒಮ್ಮೆಯೂ ಎದುರಾಡಲಿಲ್ಲ. ಸೋಲು ಒಪ್ಪಿದಳು ಅಂತ ನಾನು ಬೀಗುತ್ತಿದ್ದೆ.

ವರ್ಷಗಳು ಕಳೆದ ಮೇಲೆ ಅವಳಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ನಾನು ಕಾರ್ಯಕ್ರಮ ಬಿಟ್ಟು ಬಂದು ಅವಳ ಬಳಿ ಉಳಿದೆ. ಪಡಸಾಲೆಯಲ್ಲಿ ಮಂಚ ಹಾಕಿಸಿಕೊಂಡು, ಮಲಗಿದಲ್ಲಿಂದಲೇ ಎಲ್ಲರ ತಪ್ಪು ಹುಡುಕುತ್ತಿದ್ದಳು. ಒಂದು ದಿನ ಹೊಸ ಹುಡುಗಿ ಪ್ಯಾಂಟಿನ ತೊಡೆಯ ತಿರುವು ತಪ್ಪಾಗಿ ಎಳೆದಳು ಅಂತ ರೇಗಿ, ರಟ್ಟು ಮತ್ತು ಬಟ್ಟೆ ತರಿಸಿಕೊಂಡು, ಸೀಮೆಸುಣ್ಣವನ್ನು ಎಡಗೈಗೆ ತಗೊಂಡಳು. ಆ ತಿರುವನ್ನು, ರಟ್ಟಿನ ಕಡೆ ನೋಡದೆ, ಒಂದೇ ಎಳೆತಕ್ಕೆ ಎಳೆದಳು. ಗೆರೆ ಎಲ್ಲೂ ನಡುಗಲಿಲ್ಲ.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅದು ಹೊಸದಾಗಿ ಪಳಗಿದ ಕೈಯಲ್ಲ, ಹುಟ್ಟಾ ಕೈ.

"ನೀನೂ ಎಡಚೀನಾ ಅತ್ತೆ?"

ನಾಲಿಗೆ ತೊದಲುತ್ತಿತ್ತು, ಆದರೂ ಮಡಕಶಿರದ ಮಾತು ಸ್ಪಷ್ಟವಾಗಿಯೇ ಬಂತು. "ಗಂಡನ ಮನೇಲಿ ಮೊದಲ್ನೇ ದಿನ ಎಡಗೈಲಿ ಅನ್ನ ಬಡಿಸ್ದೆ. ಮಾವ ಎಲೆ ಬಿಟ್ಟು ಎದ್ದೋದ. ಆಮ್ಯಾಲೆ ಅತ್ತೆ ದಿನಾ ಹೊಡೆಯೋಳು. ನಿನಗೆ ಹಂಗಾಗ್ಬಾರ್ದು ಅಂತ ನಾನೇ ಮೊದ್ಲು ಹೊಡೆದೆ."

ನನಗೆ ಒಮ್ಮೆಲೇ ಮೊಳೆಯ ಮೇಲಿನ ರಟ್ಟು ಕಣ್ಣಿಗೆ ಬಿತ್ತು. "ಹಂಗಾದ್ರೆ ಗಿಟಾರು? ಪ್ಯಾಟರ್ನು ಉಲ್ಟಾ ಆಗಿತ್ತಾ?"

"ಇಷ್ಟು ವರ್ಷದಲ್ಲಿ ಒಂದು ಪೀಸಾದ್ರೂ ಉಲ್ಟಾ ಕಟ್ ಮಾಡಿದೀನೇನೆ ನಾನು?"

ಅಳು ಬಂತು, ಅದಕ್ಕಿಂತ ಹೆಚ್ಚು ಕೋಪ ಬಂತು. "ಅವತ್ತೇ ಹೇಳಕ್ಕಾಗ್ತಿರ್ಲಿಲ್ವಾ? ಇಷ್ಟು ವರ್ಷ ಊರ್ಗೆಲ್ಲ ತೋರ್ಸಿ ನಿನ್ನ ಆಡ್ಕೊಂಡು ನಕ್ಕಿದೀನಲ್ಲ!"

"ಹೇಳಿದ್ರೆ ನಾನು ಸೋತಂಗಾಗ್ತಿರ್ಲಿಲ್ವಾ?" ಅಂದು ಅವಳು ಮುದ್ದೆ ತರಲು ಸನ್ನೆ ಮಾಡಿದಳು.

ತಂದುಕೊಟ್ಟೆ. ಗೆರೆ ಎಳೆದ ಆ ಕೈಯಲ್ಲೇ ತಿನ್ನಬಹುದಲ್ಲ ಅಂದೆ. ಕೇಳಲಿಲ್ಲ. ಎಡಗೈಯನ್ನು ತೊಡೆಯ ಕೆಳಗಿಟ್ಟು ಬಾಯಿ ತೆರೆದಳು. ನಾನು ಕಣ್ಣೊರೆಸಿಕೊಳ್ಳುತ್ತ ತುತ್ತು ಮುರಿದು ಅವಳ ಬಾಯಿಗೆ ಹಿಡಿದೆ. ತಟ್ಟನೆ ಬಾಯಿ ಮುಚ್ಚಿಕೊಂಡಳು. ನೋಡಿದರೆ ತುತ್ತು ನನ್ನ ಎಡಗೈಯಲ್ಲಿತ್ತು. ಕೈ ಬದಲಾಯಿಸುವವರೆಗೂ ಆ ಬಾಯಿ ತೆರೆಯಲಿಲ್ಲ.

ಆ ಚಳಿಗಾಲದಲ್ಲೇ ಅವಳು ಹೋದಳು. ಪಡಸಾಲೆಯ ಮಿಷನ್ನುಗಳು ಈಗ ಬೇರೆಯವರ ಮನೆಯಲ್ಲಿವೆ. ಪ್ಯಾಂಟು, ರಟ್ಟು ಎರಡನ್ನೂ ನಾನು ತಂದಿಟ್ಟುಕೊಂಡಿದ್ದೇನೆ. ಆಯುಧಪೂಜೆಯ ದಿನ ಗಿಟಾರು ಒರೆಸಿ, ಹೂವಿಟ್ಟು, ಅದೇ ಗುಂಡಿಯ ಹತ್ತಿರ ಕುಂಕುಮ ಇಡುತ್ತೇನೆ. ಉಳಿದ ದಿನವೆಲ್ಲ ಎಡಗೈಯದೇ ದರ್ಬಾರು, ಅದು ಅವಳು ಕೊಟ್ಟದ್ದು. ಕುಂಕುಮ ಇಡುವುದು ಮಾತ್ರ ಬಲಗೈಯಲ್ಲಿ. ಇಲ್ಲದಿದ್ದರೆ ಆ ಮುದುಕಿ ಎಲ್ಲಿದ್ದರೂ ಸ್ಕೇಲು ಹಿಡಿದುಕೊಂಡು ಎದ್ದು ಬರುತ್ತಾಳೆ.