ಬಲದಿಂದ ತಳ್ಳಿದ ಬಾಗಿಲು

ನಮ್ಮ ಬೀದಿಯ ಬೀಗ ರಿಪೇರಿಯವನಿಗೆ ಅವನ ಅಕ್ಕ ಇಟ್ಟ ಹೆಸರು ‘ಅರೆಬರೆ’. ನನ್ನ ಕೈಕೆಳಗೆ ಒಂಬತ್ತನೆಯ ತರಗತಿಯಲ್ಲಿ ಕನ್ನಡ ಕಲಿಯುವಾಗ ಸಮಾಸವನ್ನು ಬಿಡಿಸಿ, ಅದರ ಹೆಸರು ಬರೆಯದೆ ಎದ್ದುಹೋಗುತ್ತಿದ್ದದ್ದು ನಿಜ. ಆದರೆ ಬೀಗದ ಮುಂದೆ ಅವನಷ್ಟು ತಾಳ್ಮೆಯವನನ್ನು ನಾನು ಕಂಡಿಲ್ಲ. ತುಕ್ಕು ಹಿಡಿದದ್ದನ್ನೂ ಕಿವಿಯ ಬಳಿ ಹಿಡಿದು, ಸಣ್ಣ ತಂತಿಯಾಡಿಸುತ್ತ, ಮುನಿಸಿಕೊಂಡ ಮಗುವನ್ನು ಮಾತಾಡಿಸುವಂತೆ ತೆರೆಯುತ್ತಾನೆ. ಐವತ್ತೆರಡು ತುಂಬಿದರೂ ಆ ಅಡ್ಡಹೆಸರು ಬೆನ್ನು ಬಿಟ್ಟಿರಲಿಲ್ಲ. ಮಗಳ ಮದುವೆಯಾಗಿ, ಹೊಸ ಅಳಿಯ ಭಾನುವಾರ ಮನೆಗೆ ಬರುವವನಿದ್ದ.

“ಅವರ ಮುಂದೆ ಆ ಹೆಸರು ಎತ್ತಬೇಡ ಅಕ್ಕ.”

“ಅಟ್ಟದ ಮೇಲೆ ನಿನ್ನ ವಿಡಿಯೋ ಆಟ ಮೂವತ್ತೈದು ವರ್ಷದಿಂದ ಬಿದ್ದಿದೆಯಲ್ಲ, ಅದನ್ನ ಮುಗಿಸು. ಬಾಯಿ ಹೊಲ್ಕೋತೀನಿ.”

ಚೌಕಗಳನ್ನು ತಳ್ಳಿ ದಾರಿ ಮಾಡಿಕೊಂಡು ನಲವತ್ತು ಬಾಗಿಲು ತೆರೆಯುವ ಆಟ ಅದು. ಡಬ್ಬದ ಮೇಲೆ ‘ಬುದ್ಧಿಗೆ ಸಾಣೆ’ ಎಂದಿತ್ತು. ಯಾರ ಬುದ್ಧಿಗೋ, ತಯಾರಿಸಿದವರ ಬುದ್ಧಿಗಂತೂ ಅಲ್ಲ. ಮೊದಲ ಹತ್ತು ಬಾಗಿಲುಗಳನ್ನೇ ಬಣ್ಣ ಬದಲಿಸಿ ಮತ್ತೆ ಮತ್ತೆ ನಿಲ್ಲಿಸಿದ್ದರು. ಸಂಗೀತ ತಗಡಿನ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತಿತ್ತು. ನಾಯಕನೆಂಬ ಪ್ರಾಣಿಗೆ ಟೋಪಿಯಿತ್ತೇ ಹೊರತು ತಲೆಯಿರಲಿಲ್ಲ.

ಗುರುವಾರದ ಹೊತ್ತಿಗೆ ಮೂವತ್ತೊಂಬತ್ತು ತೆರೆದವು. ನಲವತ್ತನೆಯದು ಜಗ್ಗಲಿಲ್ಲ. ಅಂಗಡಿಯವರು ಡಬ್ಬದೊಳಗೆ ತುರುಕಿದ್ದ ಹಾಳೆಯಲ್ಲಿ ಒಂದೇ ಸಾಲಿತ್ತು: ‘ಕೊನೆಯ ಬಾಗಿಲನ್ನು ಬಲದಿಂದ ತಳ್ಳಬೇಕು.’ ಯಾವ ಬೀಗಕ್ಕೂ ಬಲ ತೋರಿಸದ ಮನುಷ್ಯ ಎರಡು ದಿನ ಗುಂಡಿಯನ್ನು ಅದುಮಿ ಹೆಬ್ಬೆರಳು ಊದಿಸಿಕೊಂಡ.

ಶನಿವಾರ ಹಾಳೆಯನ್ನು ತಂದು ನನ್ನ ಮುಂದಿಟ್ಟ. “ಇನ್ನೆಷ್ಟು ಬಲ ಹಾಕ್ಲಿ ಮೇಷ್ಟ್ರೇ? ಗುಂಡಿ ಕಿತ್ತು ಕೈಗೆ ಬರೋದೊಂದು ಬಾಕಿ.”

“ಇದು ತೃತೀಯಾ ವಿಭಕ್ತಿ ಅಂತ ಯಾರಪ್ಪಾ ಹೇಳಿದ್ದು? ಪಂಚಮಿಯೂ ಆಗಬಹುದಲ್ಲ. ಬಲಗಡೆಯಿಂದ ತಳ್ಳಿ ನೋಡು.”

ಅವನು ಹಾಳೆಯನ್ನು ದಿಟ್ಟಿಸಿದ. “ಒಂದು ‘ಗಡೆ’ ಸೇರಿಸೋಕೆ ಇವರಪ್ಪನ ಗಂಟು ಹೋಗ್ತಿತ್ತಾ?”

ಭಾನುವಾರ ಅಕ್ಕ ಮತ್ತು ಅಳಿಯನ ಎದುರಿಗೇ ಬಲಗಡೆಯಿಂದ ತಳ್ಳಿದ. ಬಾಗಿಲು ತೆರೆಯಿತು. ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಅದೇ ಹಸಿರು ಬಣ್ಣದ ಒಂದನೆಯ ಬಾಗಿಲು ಬಂದು ನಿಂತಿತು. ಗೆದ್ದೆ ಎಂಬ ಒಂದು ಮಾತೂ ಇಲ್ಲ.

“ಮುಗೀತಾ ಮಾವ?” ಅಳಿಯ ಕೇಳಿದ.

ಇವನು ಅಕ್ಕನ ಮುಖ ನೋಡಿದ. ಅವಳು ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಾಗಿದಳು.

“ನನ್ನ ತಮ್ಮ ಮುಗಿಸಿದಾನೆ ಕಣಪ್ಪಾ. ಮಾಡಿದವರೇ ಮುಗಿಸಿಲ್ಲ. ಇಂಥ ಅರೆಬರೆ ಆಟ ನಾನೆಲ್ಲೂ ನೋಡಿಲ್ಲ.”

ಅಂದಿನಿಂದ ಆ ಹೆಸರು ಆಟದ ಪೆಟ್ಟಿಗೆಗೇ ಅಂಟಿಕೊಂಡಿತು. ಗಾಳಿಗೆ ಬಡಿದುಕೊಳ್ಳುವ ತನ್ನ ಬೀಗದಂಗಡಿಯ ಬಾಗಿಲಿಗೆ ಈಗ ಅದನ್ನೇ ಒತ್ತು ಕೊಟ್ಟಿದ್ದಾನೆ, ಬಲಗಡೆಯಿಂದ. ಅದು ನೆಟ್ಟಗೆ ಮಾಡಿದ ಕೆಲಸ ಅದೊಂದೇ.