ಅವ್ವನ ಕೂದಲಿನ ರಿಪೋರ್ಟು

ನನ್ನ ಕೆಲಸ ಏನೆಂದು ಹೇಳಿದಾಗ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಸತ್ತು ಸಾವಿರ ವರ್ಷವಾದವರ ಕೂದಲು ಪರೀಕ್ಷಿಸಿ, ಬದುಕಿದ್ದಾಗ ಅವರಿಗೆ ಏನಾದರೂ ಚಟವಿತ್ತೇ ಎಂದು ಪತ್ತೆ ಹಚ್ಚುವ ಮೆಲ್ಬರ್ನಿನ ಲ್ಯಾಬೊಂದರಲ್ಲಿ ನಾನಿದ್ದೆ. "ಸತ್ತವರ ಚಟ ತಗೊಂಡು ನೀ ಏನ್ ಮಾಡಾಕಿ? ಇದಕ್ಕ ಪಗಾರ ಬ್ಯಾರೆ ಕೊಡ್ತಾರ?" ಹೊಸ ಶತಮಾನಕ್ಕೆ ಇನ್ನೂ ಐದಾರು ವರ್ಷ. ಅಪ್ಪ ತೀರಿಕೊಂಡ ಮೇಲೆ ಧಾರವಾಡದಿಂದ ಗ್ಲೆನ್ ವೇವರ್ಲಿಯ ನಮ್ಮ ಮನೆಗೆ ಬಂದು ಅವ್ವನಿಗೆ ನಾಲ್ಕು ತಿಂಗಳು. ಅವಳು ಇಲ್ಲೇ ಇರಬೇಕೆಂದು ನಾನೇ ತೀರ್ಮಾನಿಸಿ, ಕಾಯಂ ವಾಸದ ಪಿಆರ್ ಅರ್ಜಿ ತುಂಬಿ, ಸಹಿಯೊಂದನ್ನೇ ಬಾಕಿ ಇಟ್ಟಿದ್ದೆ. ಕೇಳಿದಾಗಲೆಲ್ಲ "ನಂಗೇನು ಧಾಡಿ, ಆರಾಮ ಅದೀನಿ" ಅನ್ನುತ್ತಿದ್ದಳು. ನನಗೂ ಅಷ್ಟೇ ಸಾಕಾಗಿತ್ತು.

ಆ ವಾರ ಸಿಡ್ನಿಯ ಸಂಗ್ರಹಾಲಯವೊಂದರಿಂದ ಜಡೆಯೊಂದು ಬಂತು. ದಕ್ಷಿಣ ಅಮೆರಿಕದ ಮರುಭೂಮಿಯಲ್ಲಿ ಒಣಗಿ ಉಳಿದಿದ್ದ ಹೆಂಗಸಿನದು. ಹೊಗೆಸೊಪ್ಪೋ ಕೋಕಾ ಎಲೆಯೋ ಸಿಕ್ಕೀತೆಂದು ನಮ್ಮ ಬಾಸ್ ಜೊಲ್ಲು ಸುರಿಸುತ್ತಿದ್ದ. ಹೋಲಿಸಿ ನೋಡಲು ಯಾವ ಚಟವೂ ಇಲ್ಲದ, ಈಗ ಬದುಕಿರುವವರ ಕೂದಲು ಬೇಕಿತ್ತು. ಲ್ಯಾಬಿನಲ್ಲಿ ಅಂಥ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ. ನಾನು ಎದೆಯುಬ್ಬಿಸಿ, "ನಮ್ಮ ತಾಯಿ ಇದ್ದಾರೆ" ಎಂದೆ.

ಮನೆಗೆ ಫಾರಂ ತಂದು ಕೇಳಿದೆ. ಬೀಡಿ? ಸಿಗರೇಟು? ಕುಡಿತ?

"ನಾಚಿಕಿ ಬರೂದಿಲ್ಲೇನ, ಹಡೆದ ತಾಯಿಗೆ ಇದನ್ನ ಕೇಳಾಕ!" ಎಂದು ಬೈಯುತ್ತಲೇ ಸಹಿ ಹಾಕಿ, ಬಾಚಣಿಗೆಗೆ ಬಂದಿದ್ದ ಉದ್ದನೆಯ ಕೂದಲನ್ನು ಬೇರುಸಮೇತ ಕೊಟ್ಟಳು.

ಪರೀಕ್ಷೆಯಲ್ಲಿ ಸಾವಿರ ವರ್ಷದ ಹೆಂಗಸು ಅಪ್ಪಟ ಚಿನ್ನ. ನಮ್ಮವ್ವನ ಕೂದಲ ತುಂಬ ನಿಕೋಟಿನ್! ನಾನು ಶೀಷೆ ಅದಲುಬದಲು ಮಾಡಿದ್ದೇನೆಂದು ಬಾಸ್ ಎಲ್ಲರೆದುರು ಅಂದುಬಿಟ್ಟ. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ, "ಹೊಗೆಸೊಪ್ಪು ತಿಂತೀಯೇನ?" ಎಂದು ಅವ್ವನ ಮೇಲೆ ರೇಗಿದೆ.

ಅವಳು ನಿರುಮ್ಮಳವಾಗಿ ಸೊಂಟದಿಂದ ಡಬ್ಬಿ ತೆಗೆದಳು. ಹೊಗೆಸೊಪ್ಪಿನ ನಶ್ಯ. "ಇದಾ? ಇದು ಹಲ್ಲಿಗೆ ತಿಕ್ಕೂ ಪುಡಿ. ಚಟ ಹೆಂಗಾಕ್ಕೈತಿ? ನಮ್ಮ ಓಣ್ಯಾಗ ಎಲ್ಲಾ ಹೆಣಮಕ್ಕಳೂ ತಿಕ್ಕತಾರ."

ಹುಟ್ಟಿದಾಗಿನಿಂದ ನೋಡುತ್ತ ಬಂದ ನನಗೂ ಅದು ಹಲ್ಲುಪುಡಿಯೇ ಆಗಿತ್ತು. ನಿಕೋಟಿನ್ ಮೇಲೆಯೇ ಪಿಎಚ್‌ಡಿ ಮಾಡಿದವಳು ನಾನು! ಹಣೆ ಚಚ್ಚಿಕೊಂಡೆ.

ಬಾಸ್ ಮಾತ್ರ ನಂಬಲಿಲ್ಲ. ಅವನಿಗೆ ತೋರಿಸಿಯೇ ತೀರಬೇಕೆಂದು ಮರುದಿನ ಉಳಿದ ಕೂದಲನ್ನು ಬೇರಿನ ಕಡೆಯಿಂದ ಒಂದೊಂದೇ ಸೆಂಟಿಮೀಟರ್ ಕತ್ತರಿಸಿ ಪರೀಕ್ಷಿಸಿದೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಅಷ್ಟು ಬೆಳೆಯುತ್ತದೆ, ಹಾಗಾಗಿ ಒಂದು ತುಂಡೆಂದರೆ ಒಂದು ತಿಂಗಳು. ಧಾರವಾಡದಲ್ಲಿ ಬೆಳೆದ ಕೂದಲಲ್ಲಿ ನಿಕೋಟಿನ್ ಅಷ್ಟಕ್ಕಷ್ಟೇ, ಅಪ್ಪ ಹೋದ ತಿಂಗಳಲ್ಲೂ. ನಮ್ಮ ಮನೆಗೆ ಬಂದ ಮೇಲಿನ ನಾಲ್ಕು ತುಂಡುಗಳಲ್ಲಿ ಅದು ಏರುತ್ತಲೇ ಹೋಗಿತ್ತು. ಲೆಕ್ಕ ಅವ್ವ ಬಂದ ತಿಂಗಳಿಗೇ ಸರಿಯಾಗಿ ಕೂಡಿದ್ದು ನೋಡಿ ಬಾಸ್ ಸಾರಿ ಕೇಳಿದ. ಇಷ್ಟು ಚೆಂದದ ಗ್ರಾಫ್ ಆ ಮರುಭೂಮಿಯ ಹೆಂಗಸೂ ಕೊಡಲಿಲ್ಲವೆಂದು ಕೈ ಕುಲುಕಿದ. ನನಗೆ ಸಂಕಟವಾಯಿತು.

ಸಂಜೆ ಅವ್ವನ ಪಕ್ಕ ಕೂತು ಕೇಳಿದೆ. "ದಿನಾ ಎಷ್ಟು ಸಲ ತಿಕ್ಕತಿ?"

"ಊರಾಗಾದ್ರ ಮುಂಜಾನೆ ಒಂದ ಸಲ. ಇಲ್ಲೆ..." ಬೆರಳು ಮಡಿಸುತ್ತ ಎರಡನೇ ಕೈಗೂ ಹೋದಳು. "ನೀವೆಲ್ಲಾ ಬರೂತನಕಾ ಬಾಯಿಗೆ ಬ್ಯಾರೆ ಕೆಲಸ ಏನೈತಿ?"

ನನಗೆ ಅಳು ಬಂತು. "ಊರಿಗೆ ಹೋಕ್ಕಿಯೇನವಾ?" ಎಂದೆ.

ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಯಾವತ್ತ?" ಎಂದಳು.