ನೋವು ನಿಂತ ಹೊಟ್ಟೆ

ರಾಯಚೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುವ ನಾಗವೇಣಿ ಹೊಟ್ಟೆಯನ್ನು ಒಂಬತ್ತು ಮನೆಗಳಾಗಿ ಬಿಡಿಸಿ ತೋರಿಸುವುದರಲ್ಲಿ ಎತ್ತಿದ ಕೈ. ಬೋರ್ಡಿನ ಮೇಲೆ ಎರಡು ಉದ್ದಗೆರೆ, ಎರಡು ಅಡ್ಡಗೆರೆ. ಬಲಗಡೆ ಮೇಲಿನ ಮನೆಯಲ್ಲಿ ಯಕೃತ್ತು. ಕೆಳಗಿನ ಮನೆಯಲ್ಲಿ ದೊಡ್ಡ ಕರುಳಿನ ಆರಂಭಕ್ಕೆ ಜೋತುಬಿದ್ದ ಬೆರಳುದ್ದದ ಅಪೆಂಡಿಕ್ಸ್. ದೇವದುರ್ಗದ ಕಡೆಯ ಜಾಲಹಳ್ಳಿಯ ಕೂಲಿಕಾರ ರಾಮಲಿಂಗಪ್ಪ, ಸೂಗಮ್ಮರ ಈ ಮಗಳು ಒಂದು ಕಾಲಕ್ಕೆ ಇಂಥ ಹೆಸರುಗಳನ್ನು ಅರ್ಥವಾಗದೆ ಬಾಯಿಪಾಠ ಮಾಡಿದ್ದವಳು. ಅದಕ್ಕೇ ತನ್ನ ವಿದ್ಯಾರ್ಥಿನಿಯರಿಗೆ ಎಲ್ಲವನ್ನೂ ಮೊದಲು ಕನ್ನಡದಲ್ಲಿ ಹೇಳುತ್ತಿದ್ದಳು.

ಆ ಬೆಳಿಗ್ಗೆ ಮಾನ್ವಿಯ ಅರೀಬಾ ಎದ್ದು ನಿಂತಳು.

“ಮೇಡಂ, ಬಟ್ಟಿ ಯಾವ ಮನ್ಯಾಗ ಬರ್ತದ್ರಿ? ಹೊಟ್ಟಿ ನೋವಂದ್ರ ಸಾಕು, ನಮ್ಮ ನಾನಿ ಬಟ್ಟಿ ಸರದದ ಅಂತ ಎಣ್ಣಿ ಹಚ್ಚಿ ತಿಕ್ಕತಾಳ.”

“ಪರೀಕ್ಷಾದಾಗ ಹಂಗ ಬರದಿ ಅಂದ್ರ ಮಾರ್ಕ್ಸೂ ನಿಮ್ಮ ನಾನೀನೇ ಕೊಡಬೇಕಾಗ್ತದ ನೋಡು!”

ತರಗತಿಯೆಲ್ಲ ನಕ್ಕಿತು. ಹೊಕ್ಕಳ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡು ಮಹಾಧಮನಿ ಇಳಿಯುತ್ತದೆ, ಜನ ಬಟ್ಟಿ ಎನ್ನುವುದು ಒತ್ತಿದ ಬೆರಳಿಗೆ ಸಿಗುವ ಅದರ ಮಿಡಿತವನ್ನೇ, ಸರಿಯುವಂಥದ್ದು ಅಲ್ಲೇನೂ ಇಲ್ಲ ಎಂದು ನಾಗವೇಣಿ ವಿವರಿಸಿದಳು.

ಹೊರಗೆ ಬಂದಾಗ ಅಪ್ಪನ ಫೋನು. ದನಿ ಹಗುರವಾಗಿತ್ತು.

“ನಿನ್ನೆಯಿಂದ ನಿಮ್ಮವ್ವಗ ಹೊಟ್ಟಿ ಹಿಡಕೊಂಡಿತ್ತು. ನೀ ಗಾಬ್ರಿ ಆಗ್ತಿ ಅಂತ ಹೇಳಿಲ್ಲ. ಶರಣಮ್ಮ ಬಂದು ಬಟ್ಟಿ ತಿಕ್ಕಿದಳು ನೋಡು, ಒಮ್ಮಿಗೇ ನಿಂತುಬಿಟ್ಟದ.”

“ಎಲ್ಲಿ ನೋಯತಿತ್ತು?”

“ಮೊದಲು ಹೊಕ್ಕಳ ಸುತ್ತ. ಆಮ್ಯಾಲ ಬಲಕ್ಕ, ಕೆಳಗ ಇಳೀತು. ವಾಂತೀನೂ ಆತು.”

ಅದು ಯಾವ ಮನೆಯೆಂದು ನಾಗವೇಣಿಗೆ ಗೊತ್ತಿತ್ತು. ಬಾಯಿ ಕಟ್ಟಿದ ಅಪೆಂಡಿಕ್ಸ್ ಒಳಗೇ ಬಾತು ಬಿಗಿಯುತ್ತದೆ. ಒಡೆದರೆ ಬಿಗಿತ ಸಡಿಲಿ ನೋವು ಕೊಂಚ ಹೊತ್ತು ಇಳಿಯುತ್ತದೆ. ಆಮೇಲೆ ಕೀವು ಉದರದ ಪೊರೆಯ ಮೇಲೆಲ್ಲ ಹರಡುತ್ತದೆ. ಅಪ್ಪ ಹಿಗ್ಗಿನಿಂದ ಹೇಳಿದ ಆ ನೆಮ್ಮದಿಯಷ್ಟು ಭಯಂಕರವಾದದ್ದು ಅವಳ ಪಾಠದಲ್ಲಿ ಬೇರೆ ಇರಲಿಲ್ಲ.

“ಯಪ್ಪಾ, ಈಗಿಂದೀಗ ಗಾಡಿ ಮಾಡಿ ಕರಕೊಂಡು ಬಾ.”

“ನೋವಿದ್ದಾಗ ಬರಲಿಲ್ಲ, ನಿಂತ ಮ್ಯಾಲ ಯಾಕವ್ವಾ?”

“ನಿಂತದಂತನೇ ಬಾ ಅನ್ನಾಕತ್ತೀನಿ!”

ಅಪ್ಪ ನಕ್ಕ. ಪಕ್ಕದಿಂದ ಊರ ಸೂಲಗಿತ್ತಿ ಶರಣಮ್ಮನ ದನಿ ಕೇಳಿಸಿತು: “ನಾಗೀ, ನೀ ಹುಟ್ಟಿದಾಗ ನಿನ್ನ ಹಿಡದ ಕೈ ಇದು. ಈಗ ಇದರ ಮ್ಯಾಲ ನಂಬಿಕಿ ಇಲ್ಲೇನಬೇ?”

ಅವಳೇ ಆಂಬುಲೆನ್ಸಿಗೆ ಫೋನು ಹಚ್ಚಿ ದೇವದುರ್ಗದ ಬಸ್ಸು ಹತ್ತಿದಳು. ಅರ್ಧ ದಾರಿಯಲ್ಲಿ ಅಪ್ಪನ ದನಿ ಮತ್ತೆ: “ಗಾಡಿ ಬಂದಿತ್ತು, ವಾಪಸ್ ಕಳಿಸೀನಿ. ಅವರೂ ಕೇಳಿದರು, ನೋವು ಅದ ಏನಂತ. ನಿಮ್ಮವ್ವನೇ ಇಲ್ಲ ಅಂದಳು.” ಬಸ್ಸು ಕೈಮಾಡಿದಲ್ಲೆಲ್ಲ ನಿಂತು, ಹತ್ತುವವರನ್ನೂ ಇಳಿಯುವವರನ್ನೂ ಕಾದು ಮುಂದೆ ಸಾಗುತ್ತಿತ್ತು.

ಅವಳು ಮನೆ ಮುಟ್ಟುವಷ್ಟರಲ್ಲಿ ಸೂಗಮ್ಮ ಮೊಣಕಾಲು ಮಡಚಿ, ಮೇಲುಸಿರು ಬಿಡುತ್ತ, ಅಲುಗಾಡದೆ ಮಲಗಿದ್ದಳು. ಹರಳೆಣ್ಣೆಯಿಂದ ಜಿಡ್ಡಾದ ಆ ಹೊಟ್ಟೆಯ ಮೇಲೆ ಮಗಳು ಅಂಗೈ ಇಟ್ಟಳು. ಒಂಬತ್ತು ಮನೆಯೂ ಒಂದೇ ಹಲಗೆಯಂತೆ ಸೆಟೆದಿತ್ತು.

“ನೋಯಾಕತ್ತದೇನಬೇ?”

“ಈಗ ಎಲ್ಲಾ ಕಡಿ,” ಎಂದಳು ಸೂಗಮ್ಮ, ತಾನೇ ತಪ್ಪು ಮಾಡಿದವಳಂತೆ.

ರಾಯಚೂರಿನಲ್ಲಿ ಹೊಟ್ಟೆ ತೆರೆದು ಕೀವು ತೊಳೆದರು. ನಂಜು ಆಗಲೇ ರಕ್ತಕ್ಕೆ ಇಳಿದಿತ್ತು. ಸೂಗಮ್ಮ ಉಳಿಯಲಿಲ್ಲ.

ಜಾಲಹಳ್ಳಿಯಲ್ಲಿ ಮಣ್ಣಿಗೆ ಬಂದವರು ತಮ್ಮತಮ್ಮಲ್ಲೇ ಆಡಿಕೊಂಡರು: ಶರಣಮ್ಮ ತಿಕ್ಕಿದಾಗ ಆರಾಮಿದ್ದಳು, ಮಗಳು ಒಯ್ದು ಕೊಯ್ಸಿದಳು. ನಾಗವೇಣಿ ಕೇಳಿಸಿಕೊಂಡಳು. ಉತ್ತರ ಅವಳಲ್ಲಿತ್ತು, ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವಂಥದ್ದೇ.

ಎಲ್ಲರೂ ಹೋದ ಮೇಲೆ ರಾಮಲಿಂಗಪ್ಪ ಕಟ್ಟೆಯ ಮೇಲೆ ಅವಳ ಪಕ್ಕ ಬಂದು ಕುಳಿತ. ಟವೆಲ್ಲಿನ ಅಂಚು ಹೊಸೆಯುತ್ತ ಕೇಳಿದ.

“ನೋವು ನಿಂತಿತ್ತಲ್ಲವ್ವಾ. ಕೊಯ್ಲಿಲ್ಲಂದ್ರ ಉಳೀತಿದ್ದಳೇನು?”

ಇಲ್ಲ ಎಂದರೆ ಮುಂದಿನ ಮಾತನ್ನೂ ಹೇಳಬೇಕು: ಬೇಗ ಕೊಯ್ದಿದ್ದರೆ ಉಳಿಯುತ್ತಿದ್ದಳು. ಹೇಳಿದರೆ, ವಾಪಸ್ಸು ಕಳಿಸಿದ ಆ ಗಾಡಿ ಅಪ್ಪನ ಮನಸ್ಸಿನೊಳಗೆ ಸಾಯುವತನಕ ನಿಂತೇ ಇರುತ್ತದೆ. ಅವಳು ಅವನ ಮುಖ ನೋಡದೆ ಹೇಳಿದಳು:

“ನನಗ ಗೊತ್ತಿಲ್ಲ ಯಪ್ಪಾ.”